ಹಿಂದಿನ ಸಾಲಿನ ಬೆಂಚು

ಬಡಿದುಕೊಳ್ಳುತ್ತಲೇ ಇದೆ ಈ ದರಿದ್ರ ಗಂಟೆ, ತಲೆಯೊಳಗೇ ಯಾರೋ ಬಾರಿಸುತ್ತಿರುವ ಹಾಗೆ, ಅದು ನಿಂತರೆ ಸದನದ ಬಾಗಿಲಿಗೆ ಬೀಗ, ಆಮೇಲೆ ಮತ ಎಣಿಕೆ — ಮರ್ವ್ ಟ್ರೆಗೆಂಜಾ ಕತ್ತು ಹಿಸುಕುತ್ತಿದ್ದ ಕಾಲರಿಗೆ ಬೆರಳು ತೂರಿಸಿದ, ಎದ್ದು ಎದುರು ಬೆಂಚಿಗೆ ಹೋದರೆ ಸ್ವಂತ ಪಕ್ಷದ ಮಸೂದೆಗೇ ವಿರೋಧ, ಕೂತಲ್ಲೇ ಕೂತರೆ ತನ್ನೂರು ಮಿನ್ನಾವಿಯ ರೈಲುಹಳಿ ಕೀಳುವುದಕ್ಕೆ ಅವನದೂ ಒಂದು ಕೈ, ಹನ್ನೆರಡು ಹೆಜ್ಜೆ ಅಷ್ಟೇ, ಗೋಧಿ ಮೂಟೆ ಹೊತ್ತು ಅದೇ ಹಳಿಯ ಪಕ್ಕ ದಿನವಿಡೀ ವ್ಯಾಗನ್ನಿನ ಹಲಗೆ ಏರಿ ಇಳಿದ ಕಾಲುಗಳಿವು, ಈಗೇನು ಬಂದಿದೆ ಇವಕ್ಕೆ ರೋಗ! ಬಾಗಿಲ ಬಳಿ ಪಾಸ್ಕೋ, ಪಕ್ಷದ ಸಚೇತಕ, ಬೆರಳಾಡಿಸಿ ತಲೆ ಎಣಿಸುತ್ತಿದ್ದಾನೆ, ಜನ್ಮದಲ್ಲಿ ಒಂದು ಕುರಿಯ ಉಣ್ಣೆ ಕತ್ತರಿಸದ ವಕೀಲ, ಬೆಳಿಗ್ಗೆ ಚಹಾ ಕುಡಿಸಿ ಹೆಗಲ ಮೇಲೆ ಕೈ ಹಾಕಿದ, ನೋಡಿ ಮರ್ವ್, ಮುಂದಿನ ಸಲ ಕೃಷಿ ಖಾತೆ ನಿಮ್ದೇ, ಯಜಮಾನ್ರೇ ಬಾಯಿಬಿಟ್ಟು ಹೇಳಿದಾರೆ, ಸುಮ್ನೆ ಕೂತಿರಿ ಸಾಕು — ಹನ್ನೊಂದು ವರ್ಷದಿಂದ ಮೂಗಿಗೆ ತುಪ್ಪ, ಬಜೆಟ್ ಮುಗೀಲಿ, ಚುನಾವಣೆ ಮುಗೀಲಿ, ಥೂ! ತಾನೇನು ಬೇಡಿಕೊಂಡು ಬಂದಿದ್ದನೇ ಇಲ್ಲಿಗೆ, ಬಾರ್ಲಿ ಬೆಳೆಗಾರರ ಸಭೆಯಲ್ಲಿ ರೈಲ್ವೆ ಅಧಿಕಾರಿಗೆ ನಾಲ್ಕು ಮಾತು ಬಿಗಿದದ್ದೇ ತಪ್ಪಾಯಿತು, ಪಕ್ಕದ ಜಮೀನಿನ ಗಿಲ್ ನೋಸ್ಕೆ ಬೆನ್ನಿಗೊಂದು ಗುದ್ದಿದ, ಲೇ ಮರ್ವ್, ನಿಂಗೆ ಬಾಯಿದೆ ಕಣೋ, ನಮಗ್ಯಾರಿಗೂ ಇಲ್ಲ, ನೀನೇ ಹೋಗು ಅಡಿಲೇಡಿಗೆ, ಶಾಸನಸಭೆಗೆ, ನಿನ್ ಕುರಿ ನಾನು ನೋಡ್ಕೋತೀನಿ — ನೋಡಿಕೊಂಡ, ಪ್ರತಿ ವರ್ಷ ತನ್ನ ಮಂದೆಗಿಂತ ಮೊದಲು ಮರ್ವ್‌ನ ಮಂದೆಯ ಉಣ್ಣೆ ಕತ್ತರಿಸಿದ, ಮರ್ವ್ ಇಲ್ಲಿ ಏನು ಕತ್ತರಿಸಿದ, ಉದ್ಘಾಟನೆಯ ರಿಬ್ಬನ್ನು! ಅಂಗೈಯ ಜಡ್ಡು ಕರಗಿ ಪಾಸ್ಕೋನ ಕೈಯಷ್ಟೇ ಮೆತ್ತಗಾಗಿದೆ, ಅಸಹ್ಯ. ನಿನ್ನೆ ಫೋನಿನಲ್ಲಿ ಹೆಂಡತಿ ಥೆಲ್ಮಾ, ಗಿಲ್ ಅಲ್ಲಿಗೇ ಹೊರಟಿದಾನೆ ಮರ್ವ್, ಹಳಿ ಹೋದ್ರೆ ಬಂದರಿನವರೆಗೆ ಲಾರೀಲಿ ಗೋಧಿ ಸಾಗಿಸೋಕೆ ಅವನ ಕೈಲಾಗಲ್ಲ, ಜಮೀನು ಮಾರಬೇಕಾಗುತ್ತೆ, ನೀನು ತಡೀತೀಯ ಅಂತ ಊರೆಲ್ಲ ಹೇಳ್ಕೊಂಡು ಬಂದಿದಾನೆ, ತಡೀತೀಯ ತಾನೆ? ತಡೀತೀನಿ ಅಂದಿದ್ದ, ಅಂದ ಬಾಯಿಗೆ ಹುಳ ಬೀಳ, ಏಳು, ಏಳೋ ಹೇಡಿ, ಮುಂದಿನ ಸಾಲಿನ ಮುದುಕ ಡಂಕನ್ ಎದ್ದೇಬಿಟ್ಟ, ಮಂಡಿನೋವಿನ ಡಂಕನ್, ಸ್ವಂತ ಪಕ್ಷದವರು ಛೀಮಾರಿ ಹಾಕುತ್ತಿದ್ದರೂ ಕುಂಟುತ್ತ ಆ ಕಡೆ ಹೋಗಿ ಕೂತ, ಒಬ್ಬನೇ,

ಗಂಟೆ ನಿಂತಿತು. ಬೀಗ ಬಿತ್ತು. ಮರ್ವ್ ಕೂತೇ ಇದ್ದ, ಕೃಷಿ ಖಾತೆಯಂತೆ ಕೃಷಿ ಖಾತೆ, ಮೇಲೆ ನೋಡಬಾರದು ಎಂದುಕೊಂಡೇ ನೋಡಿದ — ಗ್ಯಾಲರಿಯ ಮೊದಲ ಸಾಲಿನಲ್ಲಿ ಗಿಲ್, ಸಾವಿಗೆ ಹೋಗುವಾಗ ಹಾಕುವ ಅದೊಂದೇ ಕಪ್ಪು ಕೋಟು, ಡಂಕನ್‌ನತ್ತ ಬೆರಳು ತೋರಿಸಿ ಪಕ್ಕದವನಿಗೆ ಏನೋ ಬೈಯುತ್ತಿದ್ದಾನೆ, ಅಯ್ಯೋ ಪೆದ್ದ, ಇಲ್ಲಿನ ರೀತಿ ನಿನಗೇನು ಗೊತ್ತು, ಎದ್ದು ಹೋದವನು ಮಾರಿಕೊಂಡವನು, ಕೂತವನು ಜಗ್ಗದವನು ಅಂದುಕೊಂಡೆಯಾ, ನಗುತ್ತಿದ್ದಾನೆ, ಮರ್ವ್‌ನನ್ನೇ ನೋಡಿ, ಮುಖವೆಲ್ಲ ನಗು, ಹ್ಯಾಟು ಎತ್ತುತ್ತಿದ್ದಾನೆ, ಇಳಿಸೋ ಮಾರಾಯ, ಇಳಿಸು, ಕಾವಲಿನವನು ಬಂದು ಗದರಿದ, ಗಿಲ್ ಇಳಿಸಿದ, ಅವನು ಅತ್ತ ಹೋದದ್ದೇ ಮತ್ತೆ ಎತ್ತಿದ, ಇನ್ನೂ ಎತ್ತರಕ್ಕೆ, ಆ ಹ್ಯಾಟು, ಬೆವರಿನ ಕಲೆಯ ಆ ಹಳೇ ಹ್ಯಾಟು