ಕಣ್ಣು ಜಂತಿಗೆ

ಕರಜಗಿಯ ನಿಂಬೆವ್ವ ನಿನ್ನೆ ಮಧ್ಯಾಹ್ನದಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಸೊಂಟದ ಎಲುಬು ಮುರಿದುಕೊಂಡು ಅಫಜಲಪುರದ ದವಾಖಾನೆಯಲ್ಲಿ ಮಲಗಿದ್ದಳು. ಏಳುವಂತಿಲ್ಲ, ಕೂಡುವಂತಿಲ್ಲ, ಒಂದಕ್ಕೆ ಬಂದರೆ ಬೆಡ್‌ಪ್ಯಾನೇ ಗತಿ. ಅದನ್ನು ಇಡುವವನೂ ತೊಳೆಯುವವನೂ ಧಮ್ಮಪಾಲ ಎಂಬ ಇಪ್ಪತ್ತಾರರ ನರ್ಸ್, ಗಂಡಸು. ಫರಹೀನ ಸಿಸ್ಟರ್ ಜೇವರ್ಗಿಗೆ ಮದುವೆಗೆ ಹೋದವಳು ಸಂಜೆ ನಾಲ್ಕಕ್ಕೆ ಬರುವುದಿತ್ತು. ಸೊಸೆ ನರೋಣಾದ ತವರಲ್ಲಿ ಬಾಣಂತಿ. ಮಗ ಹೊರಗೆ ಬೆಂಚಿನ ಮೇಲೆ ಇದ್ದ. ಇದ್ದರೇನು, ಮಗನಿಂದ ಮಾಡಿಸಿಕೊಳ್ಳುವ ಕೆಲಸವೇ ಇದು? ನೀರು ಕುಡಿದರಲ್ಲವೇ ಒಂದಕ್ಕೆ ಬರುವುದು ಎಂದು ಮುದುಕಿ ತನ್ನದೇ ದಾರಿ ಹುಡುಕಿಕೊಂಡಿದ್ದಳು. ಕೊಟ್ಟ ನೀರನ್ನೆಲ್ಲ ಮಲಗಿದಲ್ಲಿಂದಲೇ ಕೈಗೆಟಕುವ ಕಿಟಕಿಯಾಚೆ ಚೆಲ್ಲುತ್ತಿದ್ದಳು.

ಬೆಳಿಗ್ಗೆ ಜ್ವರ ಏರಿತು. ನೀರು ಹೋಗದಿದ್ದರೆ ಕಿಡ್ನಿ ಕೆಡುತ್ತದೆ, ನಾಳೆ ಆಪರೇಶನ್ ಆಗುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಧಮ್ಮಪಾಲ ಸ್ಟೂಲು ಎಳೆದುಕೊಂಡು ಕೂತ.

"ಆಯಿ, ಕಿಡಕಿ ಹೊರಗ ನೆಲ ಹಸಿ ಆಗೇದ. ಮಳಿ ಅಂತೂ ಬಂದಿಲ್ರಿ."

ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿದಳು.

"ನೀವು ಹ್ಞೂಂ ಅನ್ನೋತನ ನಾ ಮುಟ್ಟಂಗಿಲ್ಲ. ಫರಹೀನ ಸಿಸ್ಟರ್‌ಗ ಫೋನ್ ಹಚ್ಚೇನಿ, ಲಗೂ ಬರ್ತಾರ. ಅಲ್ಲೀತನ ತಡೀತದೇನ್ರಿ?"

ಎಲ್ಲಿಯ ತಡೆಯುವುದು? ಹೊಟ್ಟೆಯ ಕೆಳಗೆ ಆಗಲೇ ಉರಿ ಎದ್ದಿತ್ತು. ಮುದುಕಿಗೆ ಸಣ್ಣದೊಂದು ಆಸೆ ಹುಟ್ಟಿತು.

"ತಮ್ಮಾ, ನೀ ಕರಜಗಿ ಕಡಿಯಾಂವೇನು? ನಾ ಸೂಲಗಿತ್ತಿ. ಅರ್ಧ ಊರು ನನ್ನ ಕೈಯಾಗ ಹುಟ್ಟೇದ."

"ಇಲ್ರಿ ಆಯಿ. ನಾ ಆಳಂದ ದವಾಖಾನ್ಯಾಗ ಹುಟ್ಟೇನಿ."

"ಹಾಳಾಗಿ ಹೋಗ್ಲಿ. ನನ್ನ ಕೈಯಾಗ ಹುಟ್ಟಿದ್ರ ನಾ ನಿನ್ನ ಮೊದಲ ಬತ್ತಲೆ ನೋಡಿರ್ತಿದ್ದೆ. ಲೆಕ್ಕ ಫಿಟ್ಟಂಫಿಟ್ ಆಗ್ತಿತ್ತು."

ಇಬ್ಬರಿಗೂ ನಗು ಬಂತು. ನಕ್ಕರೆ ಸೊಂಟ ಸುಮ್ಮನಿರುತ್ತದೆಯೇ? ಚುಳುಕ್ಕೆಂದಿತು, ನಗುತ್ತಿದ್ದವಳಿಗೆ ಅಳು ಬಂದುಬಿಟ್ಟಿತು. ಎಪ್ಪತ್ತು ವರ್ಷ ಮುಚ್ಚಿಟ್ಟುಕೊಂಡ ಮೈ ಅದು. ಧಮ್ಮಪಾಲ ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದ.

"ಬಾಣಂತ್ಯಾರಿಗಿ ನೀರು ಎರಿಯೂ ಮುಂದ ನೀವು ಹ್ಯಾಂಗ ಮಾಡ್ತಿದ್ರಿ? ಅವರಿಗೂ ನಾಚಿಕಿ ಇರ್ತಿತ್ತಲ್ರಿ."

ಕೆಲಸದ ಮಾತು ಬಂದದ್ದೇ ಮುದುಕಿಯ ದನಿಗೆ ಜೀವ ಬಂತು. "ಕಣ್ಣು ಮ್ಯಾಲ ಜಂತಿಗಿ, ಕೈ ಕೆಲಸಕ್ಕ. ಬಟ್ಟಿ ಸರಸಬಾರ್ದು, ಬಟ್ಟಿ ಒಳಗ ಕೈ ಹೋಗಬೇಕು. ಮಾತು ನಿಲ್ಲಸಬಾರ್ದು. ಸುಮ್ಮಕಾದ್ರ ನಾಚಿಕಿ ಹೆಚ್ಚಾಗ್ತದ."

"ಇಲ್ಲಿ ಜಂತಿ ಇಲ್ರಿ. ಫ್ಯಾನ್ ನಡೀತದೇನು?"

ನಿಂಬೆವ್ವ ಫ್ಯಾನನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಹ್ಞೂಂ ಎಂದಳು.

ಅವನು ಬಾಗಿಲು ಹಾಕಿದ, ಪರದೆ ಎಳೆದ.

"ಎಲ್ಲಿ ನೋಡಾಕತ್ತಿ?"

"ಫ್ಯಾನ್ ನೋಡಾಕತ್ತೇನ್ರಿ. ಒಂದು ರೆಕ್ಕಿ ಸೊಟ್ಟ ಅದ."

"ಮತ್ತ?"

"ಮೂಲ್ಯಾಗ ಜ್ಯಾಡ ಬಲಿ ಕಟ್ಟೇದ. ನಾಳಿ ಹೊಡಸ್ತೇನಿ."

ಅವಳು ಅವನ ಮುಖವನ್ನೇ ಕಾಯುತ್ತಿದ್ದಳು. ಅವನ ಕಣ್ಣು ಒಮ್ಮೆಯೂ ಕೆಳಗಿಳಿಯಲಿಲ್ಲ. ತೊಳೆದು, ಒರೆಸಿ, ಎಲ್ಲ ಮುಗಿದಾಗಲೂ ಎದೆಯವರೆಗಿನ ಚಾದರ ಹಾಕಿದಂತೆಯೇ ಇತ್ತು.

"ನೀರು ಕೊಡು" ಎಂದಳು. ಗಟಗಟ ಕುಡಿದು ಲೋಟ ಮುಂದೆ ಚಾಚಿದಳು. "ಇನ್ನೊಂದು ತಾ."

ಮೂರು ಗಂಟೆಗೆ ಫರಹೀನ ಕೈಯ ಮೆಹಂದಿ ಸಮೇತ ಓಡಿ ಬಂದಳು. ಒಳ್ಳೆಯ ಹುಡುಗಿಯೇ, ಆದರೆ ಅವಸರದ ಕೈ. "ನಾ ಬಂದೆ ನೋಡ್ರಿ ಆಯಿ, ಇನ್ನ ಚಿಂತಿ ಬಿಡ್ರಿ" ಎಂದವಳೇ, ಬಾಗಿಲು ತೆರೆದಿರುವಾಗಲೇ ಚಾದರ ಸರಿಸಹೋದಳು.

ನಿಂಬೆವ್ವ ಅವಳ ಮುಂಗೈ ಹಿಡಿದಳು.

"ನೀನ ಮಾಡವ್ವ. ಹೆಣ್ಣಿಗಿ ಹೆಣ್ಣ ಬೇಕು, ಸುಳ್ಳ್ಯಾಕ ಹೇಳ್ಲಿ. ಆದ್ರ ಮೊದಲ ಆ ಹುಡುಗನ ಕಡಿ ಹೋಗಿ, ಫ್ಯಾನ್ ನೋಡೂದು ಕಲ್ಕೊಂಡ ಬಾ."