ಕಡಲಡಿಯ ಸಿಹಿನೀರು

ಶಮ್ಮಾ ಖರ್ಜೂರದ ತೋಟಗಳ ನಡುವೆ ಬೆಳೆದವಳು. ಮದುವೆಯಾಗಿ ಮುಹರಕ್ ದ್ವೀಪದ ನಮ್ಮ ಓಣಿಗೆ ಬಂದಾಗ, ನಾವು ಕುಡಿಯುವ ನೀರನ್ನು ಸಮುದ್ರದ ತಳದಲ್ಲಿ ಉಕ್ಕುವ ಸಿಹಿನೀರಿನ ಬುಗ್ಗೆಯಿಂದ ತರುತ್ತೇವೆ ಎಂದರೆ ನಂಬಲೇ ಇಲ್ಲ. ಹೊಸ ಸೊಸೆ ಎಂದು ಆಟವಾಡಿಸುತ್ತಿದ್ದಾರೆ ಅಂದುಕೊಂಡಳು.

ಬೇಸಿಗೆಯಲ್ಲಿ ಅವಳ ಗಂಡ ಹಿಲಾಲ್ ಊರಿನ ಗಂಡಸರೊಡನೆ ಮುತ್ತು ತೆಗೆಯಲು ದೂರದ ಕಡಲಿಗೆ ಹೋದ. ನೀರು ತರಲು ಉಳಿದವನು ಮಾವ ಸುರೂರ್ ಒಬ್ಬನೇ. ಒಂದು ಬೆಳಿಗ್ಗೆ ಅವನ ಕಿವಿಯಿಂದ ರಕ್ತ ಸೋರಿತು. ಇನ್ನು ಮುಳುಗುವಂತಿರಲಿಲ್ಲ. ಬಾವಿಯ ನೀರೋ, ಬಾಯಿಗಿಡಲಾಗದಷ್ಟು ಉಪ್ಪು.

"ನಾನು ಇಳೀತೀನಿ ಮಾವ. ತೋಟದ ಕೊಳದಲ್ಲಿ ಈಜಿದೋಳು ನಾನು," ಎಂದಳು ಶಮ್ಮಾ.

"ಕೊಳದ ಕಪ್ಪೆ ಸಮುದ್ರಕ್ಕೆ ಹೊರಟ್ತು, ನೋಡ್ರಮ್ಮಾ!" ಎಂದು ಅತ್ತೆ ಲತೀಫಾ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಕಪ್ಪೇನೇ ಸರಿ ಅತ್ತೆ. ನಿಮ್ಗೆ ಬೈಯೋಕಾದ್ರೂ ಗಂಟಲು ಒದ್ದೆಯಾಗ್ಬೇಕಲ್ಲ!"

ಕಡಲು ಅಲುಗದೆ ಮಲಗಿತ್ತು. ಬಿಸಿಲ ಮಬ್ಬಿನಲ್ಲಿ ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂದು ತಿಳಿಯದು. ನೀರಿನ ಮೈ ಸಣ್ಣಗೆ ನಡುಗುತ್ತಿದ್ದ ಕಡೆ ಸುರೂರ್ ದೋಣಿ ನಿಲ್ಲಿಸಿದ. ಸೊಸೆಯ ಸೊಂಟಕ್ಕೆ ಹಗ್ಗ ಕಟ್ಟಿ, ಕೈಗೆ ತೊಗಲಿನ ಚೀಲ ಕೊಟ್ಟ. ಭಾರದ ಕಲ್ಲನ್ನು ಅಪ್ಪಿಕೊಂಡು ಅವಳು ಇಳಿದಳು.

ಮೊದಲು ಬೆಚ್ಚಗಿನ ಹಸಿರು ಬೆಳಕು. ಆಮೇಲೆ ಯಾರೋ ತಣ್ಣನೆಯ ಕೈಗಳಿಂದ ಪಾದ ಹಿಡಿದಂತಾಯಿತು. ಮರಳು ಕುಣಿಯುತ್ತಾ ಮೇಲೇಳುತ್ತಿತ್ತು. ಬುಗ್ಗೆಯ ಬಾಯಿಗೆ ಚೀಲ ಒಡ್ಡಿದಳು. ಅದು ಉಸಿರೆಳೆದಂತೆ ಉಬ್ಬಿತು. ಚೀಲದ ಬಾಯಿ ಬಿಗಿದಳು. ಇನ್ನು ಹಗ್ಗ ಜಗ್ಗಿ ಮಾವನಿಗೆ ಸನ್ನೆ ಮಾಡಬೇಕಿತ್ತು. ಅವಳು ಜಗ್ಗಲಿಲ್ಲ. ಬುಗ್ಗೆಗೆ ತುಟಿಯಿಟ್ಟು ಕುಡಿದಳು. ಸುತ್ತ ಕಡಲೆಲ್ಲ ಉಪ್ಪು, ಬಾಯಲ್ಲಿ ಅಪ್ಪನ ತೋಟದ ಕಾಲುವೆಯ ರುಚಿ. ಖರ್ಜೂರದ ಬೇರುಗಳನ್ನು ಸವರಿದ ನೀರೇ ನೆಲದಡಿ ನಡೆದು ತನ್ನನ್ನು ಹುಡುಕಿಕೊಂಡು ಬಂದಿದೆ ಅನ್ನಿಸಿತು. ಪುಟ್ಟ ಮೀನುಗಳು ನೆಂಟರಂತೆ ಸುತ್ತ ನಿಂತಿದ್ದವು. ಮೇಲೆ ಹೋಗುವ ಮನಸ್ಸೇ ಬರಲಿಲ್ಲ.

ಗಾಬರಿಯಾದ ಸುರೂರ್ ತಾನೇ ಹಗ್ಗ ಹಿಡಿದು ಅವಳನ್ನು ಮೇಲಕ್ಕೆ ಎಳೆದುಕೊಂಡ.

"ಏನಾಯ್ತೇ ತಾಯಿ?"

"ಕುಡಿದೆ ಮಾವ. ಅಲ್ಲೇ, ಕೆಳಗೇ."

ಅವನು ನಕ್ಕುಬಿಟ್ಟ. "ಇಷ್ಟು ವರ್ಷ ಮುಳುಗಿದೀನಿ, ನಂಗಿದು ಹೊಳೀಲೇ ಇಲ್ಲ ನೋಡು!"

ಮನೆಯಲ್ಲಿ ಲತೀಫಾ ಒಂದು ಬಟ್ಟಲು ಕುಡಿದು, "ತೊಗಲಿನ ವಾಸನೆ," ಎಂದು ಮೂಗು ಮುರಿದಳು. ಮತ್ತೆ ಬಟ್ಟಲು ಚಾಚಿದಳು.

ಆ ಬೇಸಿಗೆಯಿಡೀ ಓಣಿ ಕುಡಿದದ್ದು ಶಮ್ಮಾ ತಂದ ನೀರನ್ನೇ. ಬೇಸಿಗೆ ಕಳೆದು ಮುತ್ತಿನ ದೋಣಿಗಳು ಮರಳಿದಾಗ ಹೆಂಗಸರು ಹಾಡುತ್ತಾ ದಡಕ್ಕೆ ಓಡಿದರು. ಹಿಲಾಲ್ ಗುಂಪಿನಲ್ಲೆಲ್ಲ ಹುಡುಕಿದ.

"ಶಮ್ಮಾ ಎಲ್ಲಿ, ಅಮ್ಮಾ?"

"ನೀರಿಗೆ ಹೋಗಿದಾಳೆ. ಕೂತ್ಕೋ, ಬರ್ತಾಳೆ," ಎಂದಳು ಲತೀಫಾ.

ಅವನು ಮರಳ ಮೇಲೆ ಕುಳಿತ. ಕಣ್ಣಿಗೆ ಕೈ ಅಡ್ಡಹಿಡಿದು, ಕಡಲನ್ನೇ ನೋಡುತ್ತಾ ಕಾದ.