ಅಂಚೆಗೆ ಹಾಕದ ಮತ

ನಮ್ಮ ಬೀದಿಯಲ್ಲಿ ಅಗ್ನಿಶಾಮಕ ದಳದವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಅವರ ಕಾರು ಯಾವಾಗಲೂ ರಸ್ತೆಯ ಕಡೆ ಮೂತಿ ಮಾಡಿಕೊಂಡೇ ನಿಂತಿರುತ್ತದೆ. ಕರೆ ಬಂದಾಗ ತಿರುಗಿಸಿಕೊಂಡು ಕೂರುವಷ್ಟು ಪುರಸೊತ್ತು ಇರುವುದಿಲ್ಲ ನೋಡಿ. ಇಷ್ಟೆಲ್ಲ ಮುಂದಾಲೋಚನೆ ಇರುವ ಜನ ಮನೆಗೆ ಬಂದ ಒಂದು ಲಕೋಟೆಯನ್ನು ಮಾತ್ರ ವಾರಗಟ್ಟಲೆ ಒಡೆಯುವುದಿಲ್ಲ.

ನಾನು ಮಾರೆಡ್. ಕಡಲ ದಂಡೆಯ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ನನ್ನ ಗಂಡ ಗೆಥಿನ್ ಊರಿನ ಅಗ್ನಿಶಾಮಕ ಠಾಣೆಯಲ್ಲಿದ್ದಾನೆ. ನಾನು ಹೇಳುತ್ತಿರುವ ಲಕೋಟೆ ನಮ್ಮ ಅಡುಗೆಮನೆಯಲ್ಲೇ, ಬ್ರೆಡ್ಡಿನ ಡಬ್ಬಿಯ ಹಿಂದೆ ಬಿದ್ದಿತ್ತು.

ಅದನ್ನು ಕಳಿಸಿದ್ದು ಅಗ್ನಿಶಾಮಕ ನೌಕರರ ಸಂಘ. ಪಿಂಚಣಿಯ ನಿಯಮ ಬದಲಾಗುತ್ತಿದೆ. ಇಲ್ಲಿಯವರೆಗೆ ಐವತ್ತೈದಕ್ಕೆ ಬೂಟು ಬಿಚ್ಚಿಟ್ಟು ಮನೆಗೆ ಬರಬಹುದಿತ್ತು. ಇನ್ನು ಮುಂದೆ ಅರವತ್ತರವರೆಗೆ ದುಡಿಯಬೇಕು, ಪ್ರತಿವರ್ಷ ಓಟದ ಪರೀಕ್ಷೆಯಲ್ಲಿ ಪಾಸಾಗುತ್ತಲೂ ಇರಬೇಕು. ಪಾಸಾಗದವರಿಗೆ ಕೂತು ಮಾಡುವ ಕೆಲಸ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಮನೆಗೆ ನಡೆ, ಪಿಂಚಣಿಯೂ ಮೊಟಕು. ಇದರ ವಿರುದ್ಧ ಮುಷ್ಕರ ಹೂಡಲು ಸಿದ್ಧರಿದ್ದೀರಾ, ಹೌದೋ ಇಲ್ಲವೋ ಗುರುತು ಹಾಕಿ ಅಂಚೆಯಲ್ಲಿ ಕಳಿಸಿ ಎಂದು ಸಂಘ ಕೇಳಿತ್ತು.

ಲಕೋಟೆ ಬಂದ ವಾರ ಗೆಥಿನ್ ಠಾಣೆಯಿಂದ ಬಂದವನೇ ಜಾಕೆಟ್ಟು ಕುರ್ಚಿಯ ಮೇಲೆ ಎಸೆದ.

"ಮುಗೀತು ಕಣೇ. ಠಾಣೆ ಊಟದ ಮನೇಲಿ ಎಲ್ಲಾರೂ ಕೈ ಎತ್ತಿದ್ವಿ. ಮುಷ್ಕರಕ್ಕೆ ಹೌದು ಅಂತ, ಒಬ್ಬನೂ ಬಿಡದ ಹಾಗೆ. ನನ್ನ ಕೈಯೇ ಮೊದಲು ಎದ್ದಿದ್ದು."

"ಒಳ್ಳೇದಾಯ್ತು. ಈ ಲಕೋಟೆ?"

"ಅದೆಲ್ಲ ಬರೀ ಶಾಸ್ತ್ರಕ್ಕೆ. ಬಿಡು."

ಅಗ್ನಿಶಾಮಕದವರ ಸ್ವಭಾವವೇ ಹಾಗೆ. ಒಳಗೆ ಹೋಗು ಎಂದರೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ಹೊರಗೆ ಬಾ ಎಂದರೆ ಒಟ್ಟಿಗೆ ಬರುತ್ತಾರೆ. ಹೊಗೆಯಲ್ಲಿ ಒಬ್ಬೊಬ್ಬರೇ ಯೋಚನೆ ಮಾಡುತ್ತ ನಿಂತರೆ ಯಾರೂ ಉಳಿಯುವುದಿಲ್ಲ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದೇ ಅಭ್ಯಾಸದಲ್ಲಿ, ಎಲ್ಲರೂ ಒಟ್ಟಿಗೆ ಕೈ ಎತ್ತಿದರೆ ಮತ ಹಾಕಿದ ಹಾಗೇ ಆಯಿತು ಎಂದುಕೊಂಡುಬಿಟ್ಟರು.

ಶನಿವಾರ ಲೌರಿ ಬಂದಳು. ನಮ್ಮ ಠಾಣೆಯಲ್ಲಿ ಬೆಂಕಿ ಆರಿಸುವ ಬಂಡಿ ಓಡಿಸುವವಳು ಅವಳು. ಸಂಘದ ಇಲ್ಲಿನ ಶಾಖೆಯ ಕಾರ್ಯದರ್ಶಿಯೂ ಹೌದು. ರಜೆಯ ದಿನಗಳಲ್ಲೆಲ್ಲ ಸೈಕಲ್ಲಿನಲ್ಲಿ ಸದಸ್ಯರ ಮನೆಮನೆ ಸುತ್ತುತ್ತಿದ್ದಳು. ನಾನು ಆಗಷ್ಟೇ ತವೆಯಿಂದ ಒಣದ್ರಾಕ್ಷಿ ಹಾಕಿದ ಸಿಹಿ ಬಿಲ್ಲೆಗಳನ್ನು ಇಳಿಸಿದ್ದೆ. ವಾಸನೆಗೆ ಅವಳು ನಾನು ಕರೆಯುವ ಮೊದಲೇ ಬಂದು ಕೂತಳು.

"ಲಕೋಟೆ ಬಂತಾ, ಗೆಥಿನ್?"

"ಬಂತು."

"ಹೋಯ್ತಾ?"

ಗೆಥಿನ್ ಕೆಟಲ್ ತುಂಬಿಸಲು ಎದ್ದ. ಅದು ಆಗಲೇ ತುಂಬಿತ್ತು.

"ಹೋಗತ್ತೆ, ಹೋಗತ್ತೆ."

"ಬೆಂಕಿ ಬಿದ್ದಾಗ ಬಾವಿ ತೋಡೋ ಬುದ್ಧಿ ಊರಿನೋರಿಗೆ ಇರ್ಲಿ ಮಾರಾಯ. ನಮಗೂ ಬೇಕಾ?"

"ನಂದೊಂದು ಮತ ಹೋಗದಿದ್ರೆ ಏನು ಮುಳುಗತ್ತೆ ಲೌರಿ? ನಾನು ಆ ಕಡೇನೂ ಬೇಡ, ಈ ಕಡೇನೂ ಬೇಡ ಅಂತ ನನ್ನ ಪಾಡಿಗೆ ಇರ್ತೀನಿ."

"ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ಇವನನ್ನ ಮೀರಿಸೋರಿಲ್ಲ," ಎಂದೆ ನಾನು. "ಮದುವೆ ದಿನ ಗೊತ್ತು ಮಾಡೋಕೂ ಎರಡು ವರ್ಷ ಮೀನಮೇಷ ಎಣಿಸ್ದ."

ಲೌರಿ ನಗಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲಿ ನೋಡು. ಹತ್ತು ಬಿಲ್ಲೆ ಇದೆ. ಹತ್ತು ಜನ ಸದಸ್ಯರು ಅಂದ್ಕೋ. ನಾಲ್ಕು ಜನ ಮತ ಹಾಕಿ ಕಳಿಸಿದ್ರು. ನಾಲ್ಕೂ ಹೌದು ಅಂತಾನೇ. ಗೆದ್ದೋರು ಯಾರು?"

"ಹೌದು ಅಂದೋರು. ಇದೇನು ಒಗಟಾ?"

"ತಪ್ಪು. ಕೊನೇಪಕ್ಷ ಅರ್ಧದಷ್ಟು ಜನ ಮತ ಹಾಕ್ಲೇಬೇಕು ಅಂತ ಕಾನೂನು. ಹಾಕ್ಲಿಲ್ಲ ಅಂದ್ರೆ ಬಂದಿರೋ ನಾಲ್ಕೂ ಕಸದ ಬುಟ್ಟಿಗೆ. ಸುಮ್ನೆ ಕೂತ ಆರು ಜನ ಗೆದ್ರು. ಅವರಲ್ಲಿ ಎಷ್ಟು ಜನಕ್ಕೆ ಮುಷ್ಕರ ಬೇಕಿತ್ತು, ಎಷ್ಟು ಜನಕ್ಕೆ ಬೇಡಾಗಿತ್ತು ಅಂತ ಆ ದೇವರಿಗೂ ಗೊತ್ತಾಗಲ್ಲ."

ಗೆಥಿನ್ ತಟ್ಟೆಯನ್ನೇ ನೋಡಿದ. ನಾನೂ ನೋಡಿದೆ. ಇಷ್ಟು ವರ್ಷ ಅಗ್ನಿಶಾಮಕದವನ ಹೆಂಡತಿಯಾಗಿದ್ದೂ ನನಗೆ ಇದು ಗೊತ್ತಿರಲಿಲ್ಲ.

"ಹಾಗಾದ್ರೆ ಹೌದು ಅಂತ ಹಾಕು ಅಂತ ನೇರವಾಗಿ ಹೇಳ್ಬಿಡು," ಎಂದ ಗೆಥಿನ್, ಸ್ವಲ್ಪ ಬಿರುಸಾಗಿಯೇ.

"ಅದನ್ನ ಹೇಳೋಕೆ ಬಂದಿಲ್ಲಪ್ಪ. ನಾನು ಹೌದು ಅಂತ ಹಾಕಿದೀನಿ, ಮುಚ್ಚುಮರೆ ಏನಿಲ್ಲ. ನಿನಗೆ ಇಲ್ಲ ಅನ್ನಿಸಿದ್ರೆ ಇಲ್ಲ ಅಂತಾನೇ ಹಾಕು. ನಿನ್ನ ಜೊತೆ ಜಗಳ ಆಡ್ತೀನಿ, ಆದ್ರೆ ಮರ್ಯಾದೆ ಕೊಡ್ತೀನಿ. ಹೌದು ಅಂತ ಗೆದ್ರೂ ಮರುದಿನವೇ ಬಂಡಿ ನಿಲ್ಲಿಸಲ್ಲ. ಮಾತುಕತೆ ಇನ್ನೂ ನಡೀತಿದೆ. ಮೇಜಿನ ಆ ಕಡೆ ಕೂತೋರು ನಮ್ಮ ಮುಖ ನೋಡಲ್ಲ, ಲಕೋಟೆ ಎಷ್ಟು ಬಂತು ಅಂತ ನೋಡ್ತಾರೆ."

ಬಾಗಿಲ ಹತ್ತಿರ ಸೈಕಲ್ ಹತ್ತುವಾಗ ಮತ್ತೊಂದು ಮಾತು ಹೇಳಿದಳು. "ತಿಂಗಳ ಕೊನೇ ಶುಕ್ರವಾರ ಗಡುವು. ಅಂಚೆಗೆ ಹಾಕೋ ದಿನ ಅಲ್ಲ ಅದು, ಅಲ್ಲಿಗೆ ಹೋಗಿ ತಲುಪೋ ದಿನ."

ಮರುದಿನ ಭಾನುವಾರ. ಗೆಥಿನ್ ಬೆಳಿಗ್ಗೆ ರಗ್ಬಿ ಮೈದಾನಕ್ಕೆ ಹೊರಟ, ಮೆರ್ವಿನ್‌ಗೆ ಓಟದ ಅಭ್ಯಾಸ ಮಾಡಿಸಲು. ನಾನೂ ಚಹಾದ ಫ್ಲಾಸ್ಕು ಹಿಡಿದು ಜೊತೆಗೆ ಹೋದೆ. ಮೆರ್ವಿನ್ ಠಾಣೆಗೆಲ್ಲ ಹಿರಿಯ. ಮುಂದಿನ ವರ್ಷ ಅವನಿಗೆ ಐವತ್ತೈದು. ಗೆಥಿನ್ ಹೊಸಬನಾಗಿದ್ದಾಗ ಒಂದು ಗೋದಾಮಿನ ಹೊಗೆಯಲ್ಲಿ ದಾರಿ ತಪ್ಪಿದ್ದ. ಅವನ ಕೊರಳಪಟ್ಟಿ ಹಿಡಿದು ಹೊರಗೆ ಎಳೆದು ತಂದವನು ಇದೇ ಮೆರ್ವಿನ್. ನನ್ನ ಗಂಡ ಇವತ್ತು ನನ್ನ ಗಂಡನಾಗಿ ಉಳಿದಿರುವುದು ಆ ಕೈಯಿಂದ.

ಓಟ ಎಂದರೆ ಹೀಗೆ: ಮೊಬೈಲಿನಿಂದ ಬೀಪ್ ಸದ್ದು ಬರುವಷ್ಟರಲ್ಲಿ ಈ ಗೆರೆಯಿಂದ ಆ ಗೆರೆ ಮುಟ್ಟಬೇಕು. ಸದ್ದುಗಳು ಬರಬರುತ್ತ ಹತ್ತಿರ ಹತ್ತಿರವಾಗುತ್ತವೆ. ಮೆರ್ವಿನ್ ಮೊದಮೊದಲು ಜೋಕು ಹೇಳುತ್ತಲೇ ಓಡಿದ. ಆಮೇಲೆ ಜೋಕು ನಿಂತಿತು. ಆಮೇಲೆ ಒಂದು ಸದ್ದು ಬಂದಾಗ ಅವನು ಎರಡು ಗೆರೆಗಳ ನಡುವೆಯೇ ಇದ್ದ. ಅಲ್ಲೇ ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ.

"ಲೇಸು ಬಿಚ್ಚೋಯ್ತು ಕಣಮ್ಮ ಮಾರೆಡ್."

"ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಬಿಡು," ಎಂದೆ. ಅವನು ನಕ್ಕ. ನಗುವಾಗಲೂ ಒಂದು ಕೈ ಮೊಣಕಾಲನ್ನು ಬಿಟ್ಟಿರಲಿಲ್ಲ.

"ಇವತ್ತು ಆಗದೇ ಇರೋದು ಐದು ವರ್ಷ ಬಿಟ್ಟು ಆಗತ್ತಂತೆ! ಮೇಲಿನೋರು ಲೆಕ್ಕ ಹಾಕಿದಾರೆ. ಓದಿದೋರು, ಅವರಿಗೆ ಗೊತ್ತಿರತ್ತೆ." ಚಹಾ ಒಂದು ಗುಟುಕು ಕುಡಿದ. ಆಮೇಲೆ ಗೆಥಿನ್ ಕಡೆ ತಿರುಗಿ ಮೆಲ್ಲಗೆ ಹೇಳಿದ, "ನಂಗೇನು ಭಯ ಇಲ್ಲ ಬಿಡೋ. ಊಟದ ಮನೇಲಿ ಎಲ್ಲರಿಗಿಂತ ಮೊದಲು ನಿನ್ನ ಕೈ ಎದ್ದಿದ್ದು ನೋಡಿದ್ನಲ್ಲ. ಅವತ್ತು ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು."

ಗೆಥಿನ್ ಕೈಯಲ್ಲಿ ಮೊಬೈಲು ಇನ್ನೂ ಬೀಪ್ ಎನ್ನುತ್ತಲೇ ಇತ್ತು.

ಮಧ್ಯಾಹ್ನ ಕುರಿಮಾಂಸದ ಸಾರು ಬಡಿಸಿದರೆ ಅವನು ಚಮಚ ಮುಟ್ಟಲಿಲ್ಲ. ನನಗೆ ಬೆಳಿಗ್ಗೆಯಿಂದ ಸಿಟ್ಟು ಕುದಿಯುತ್ತಿತ್ತು.

"ಅಲ್ಲೇ ಹೇಳ್ಬೇಕಿತ್ತು ನೀನು. ಕೈ ಎತ್ತಿದ್ದು ಸುಳ್ಳು ಅಂತ."

"ಸುಳ್ಳಲ್ಲ ಮಾರೆಡ್. ಅವನ ಮುಂದೆ ಕೂತಾಗ ಅದು ನಿಜ. ಮನೆಗೆ ಬಂದ್ರೆ ನೀನಿರ್ತೀಯ."

"ನಾನೇನು ಮಾಡ್ದೆ ಮಧ್ಯದಲ್ಲಿ?"

ಅವನು ಸುಮಾರು ಹೊತ್ತು ತಟ್ಟೆಯನ್ನು ಹಿಂದೆ ಮುಂದೆ ಸರಿಸಿದ. "ನಿನ್ನ ಆಶ್ರಮದ ಮೂರನೇ ಮಹಡೀಲಿ ಎದ್ದು ನಡೆಯೋ ಒಬ್ಬರಾದ್ರೂ ಇದಾರಾ? ಮುಷ್ಕರದ ದಿನ ಅಲ್ಲಿ ಬೆಂಕಿ ಬಿದ್ರೆ? ನಾನು ಠಾಣೆ ಗೇಟಿನ ಹತ್ರ ಫಲಕ ಹಿಡ್ಕೊಂಡು ನಿಂತಿರ್ತೀನಿ. ಬೇರೆ ಎಲ್ಲಿಂದಲೋ ಯಾರೋ ಬರ್ತಾರೆ, ಯಾವಾಗ ಬರ್ತಾರೋ. ಅವರನ್ನೆಲ್ಲ ಬಿಟ್ಟು ಇಳಿದು ಬರೋಳಲ್ಲ ನೀನು. ನಂಗೊತ್ತು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸೋಮಾರಿತನ ಎಂದು ನಾನು ಇಷ್ಟು ದಿನ ಹಂಗಿಸಿದ್ದು ಭಯವನ್ನು, ಅದೂ ನನಗಾಗಿ ಪಟ್ಟ ಭಯವನ್ನು. ಅವನ ಕೈ ಹಿಡಿದುಕೊಂಡೆ. ಮೂರನೇ ಮಹಡಿಯ ಕಿಟಕಿಯ ಪಕ್ಕ ಮಲಗಿರುವ ಪ್ರಾಬರ್ಟ್ ಅಜ್ಜಿ ನೆನಪಾದರು. ತೂಕದ ಹೆಂಗಸು. ಅವರನ್ನು ಮಗ್ಗುಲು ತಿರುಗಿಸಲು ನಾವು ಇಬ್ಬರು ಬೇಕು.

"ಪ್ರಾಬರ್ಟ್ ಅಜ್ಜೀನ ಮೆಟ್ಟಿಲಲ್ಲಿ ಹೊತ್ಕೊಂಡು ಇಳಿಸೋರು ಯಾರು ಗೆಥಿನ್? ಅರವತ್ತರ ಮೆರ್ವಿನ್ನಾ?"

ಅವನು ತಲೆ ಎತ್ತಿದ.

"ಹಾಗಂತ ಹೌದು ಅಂತಾನೇ ಹಾಕು ಅಂತಿಲ್ಲ. ನನಗೋಸ್ಕರ ಇಲ್ಲ ಅಂತ ಹಾಕ್ತೀಯಾ, ಹಾಕು. ಅವನ ಮೊಣಕಾಲಿಗೋಸ್ಕರ ಹೌದು ಅಂತೀಯಾ, ಹಾಕು. ಎರಡೂ ನ್ಯಾಯವೇ. ಆದ್ರೆ ನನ್ನ ನೆಪ ಇಟ್ಕೊಂಡು ಸುಮ್ನೆ ಕೂರಬೇಡ. ಅದ್ರಿಂದ ನನಗೂ ಉಪಕಾರ ಇಲ್ಲ, ಅವನಿಗೂ ಇಲ್ಲ."

ಗೆಥಿನ್ ಎದ್ದು ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಲಕೋಟೆ ಸೀಳಿದ. ನಾನು ತಟ್ಟೆಗಳನ್ನು ತೆಗೆದುಕೊಂಡು ತೊಳೆಯುವ ಕಡೆ ಹೋಗಿ ಬೆನ್ನು ಹಾಕಿ ನಿಂತೆ. ಕೊನೆಗೆ ಪೆನ್ನಿನ ಸಣ್ಣ ಸದ್ದು ಕೇಳಿತು.

"ನೋಡ್ಬೇಕಾ?"

"ಬೇಡ. ಅದು ನಿಂದು."

ಇಬ್ಬರೂ ಅಂಚೆ ಡಬ್ಬಿಯ ಕಡೆ ಹೊರಟೆವು. ಸ್ಟಾಂಪು ಹಚ್ಚುವ ಕೆಲಸವೂ ಇರಲಿಲ್ಲ, ಮರಳಿ ಕಳಿಸುವ ಲಕೋಟೆಯನ್ನು ಸಂಘವೇ ಕೊಟ್ಟಿತ್ತು. ಮೆರ್ವಿನ್ ಮನೆ ದಾರಿಯಲ್ಲೇ ಸಿಗುತ್ತದೆ. ಗೆಥಿನ್ ಅಲ್ಲಿ ನಿಂತ. ನಾನು ಬೇಡ ಎನ್ನಲಿಲ್ಲ. ಕರೆಗಂಟೆ ಒತ್ತಿದಾಗ ಮೆರ್ವಿನ್ ಬರಲು ತಡವಾಯಿತು. ನೋವಿಗೆ ತಂಪಾಗಲೆಂದು ಮೊಣಕಾಲಿಗೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ಕಟ್ಟಿಕೊಂಡಿದ್ದ.

"ಮೆರ್ವಿನ್, ನನ್ನ ಕೈ ಎದ್ದಿದ್ದು ನೋಡಿ ನಿದ್ದೆ ಬಂತು ಅಂದ್ಯಲ್ಲ. ಇವತ್ತು ಮಧ್ಯಾಹ್ನದ ತನಕ ನಾನು ಮತ ಹಾಕಿರ್ಲಿಲ್ಲ ಕಣೋ. ಈಗ ಗುರುತು ಹಾಕಿ ಅಂಚೆಗೆ ಹಾಕೋಕೆ ಹೊರಟಿದೀನಿ. ಯಾವುದಕ್ಕೆ ಅಂತ ಕೇಳ್ಬೇಡ. ಆ ಕೈ ನಂಬ್ಕೊಂಡು ಕೂತಿರ್ಬೇಡ ಅಂತ ಹೇಳೋಕೆ ಬಂದೆ."

ಮೆರ್ವಿನ್ ಮುಖ ಸಪ್ಪಗಾಯಿತು. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಗೆಥಿನ್ ಕೈಯಲ್ಲಿದ್ದ ಲಕೋಟೆಯನ್ನೇ ನೋಡುತ್ತ ನಿಂತ.

"ಕೈ ಎತ್ತಿದ್ದು ಲೆಕ್ಕಕ್ಕಿಲ್ವಾ?"

"ಇಲ್ಲ. ಅಂಚೇಲಿ ಹೋದದ್ದು ಮಾತ್ರ."

"ಯಾರ್ದೂ ಇಲ್ವಾ?"

"ಯಾರ್ದೂ ಇಲ್ಲ."

"ಒಂದು ನಿಮಿಷ ನಿಂತ್ಕೊಳ್ಳಿ," ಎಂದು ಮೆರ್ವಿನ್ ಗೋಡೆ ಹಿಡಿದುಕೊಂಡು ಒಳಗೆ ಹೋದ. ಯಾವುದೋ ಖಾನೆ ಎಳೆದ ಸದ್ದು, ಇನ್ನೊಂದು ಖಾನೆ ಎಳೆದ ಸದ್ದು. ತಿರುಗಿ ಬಂದಾಗ ಅವನ ಕೈಯಲ್ಲಿ ಅಂಥದೇ ಲಕೋಟೆ ಇತ್ತು. ಅಂಟು ಕೂಡ ಬಿಚ್ಚಿರಲಿಲ್ಲ.

"ನೀವೆಲ್ಲ ಕೈ ಎತ್ತಿದ್ರಲ್ಲ," ಎಂದ ಅವನು, ತಪ್ಪು ಮಾಡಿದ ಮಗುವಿನ ಹಾಗೆ. "ನಂದೇನು ಬೇಕು ಅಂತ ಬಿಟ್ಬಿಟ್ಟಿದ್ದೆ."

ಇದನ್ನು ಓದುತ್ತಿರುವ ಸಂಘದ ಅಣ್ಣಂದಿರೇ, ಅಕ್ಕಂದಿರೇ, ಗಡುವಿಗೆ ಇನ್ನೂ ದಿನಗಳಿವೆ. ಈಗಲೇ ಎದ್ದು ನಿಮ್ಮ ಲಕೋಟೆ ಹುಡುಕಿ. ಮನೆ ಬದಲಾಯಿಸಿದ್ದರೆ ಅದು ಹಳೆಯ ವಿಳಾಸಕ್ಕೆ ಹೋಗಿರಬಹುದು. ಇವತ್ತೇ ಲೌರಿಗೆ ಫೋನು ಮಾಡಿ, ಇನ್ನೊಂದು ತರಿಸಿಕೊಡುತ್ತಾಳೆ. ಮನೆಯವರ ಜೊತೆ ಮಾತಾಡಿ, ಅವರ ಭಯವನ್ನೂ ಕೇಳಿ. ಹೌದು ಅನ್ನಿಸಿದರೆ ಹೌದು, ಇಲ್ಲ ಅನ್ನಿಸಿದರೆ ಇಲ್ಲ, ನಿಮ್ಮ ಕೈಯಾರೆ ಗುರುತು ಹಾಕಿ ಅಂಚೆಗೆ ಹಾಕಿ. ಮಿಕ್ಕವರೆಲ್ಲ ಹಾಕಿರುತ್ತಾರೆ ಎಂದು ಮಾತ್ರ ಅಂದುಕೊಳ್ಳಬೇಡಿ. ಅವರೂ ನಿಮ್ಮ ಬಗ್ಗೆ ಹಾಗೇ ಅಂದುಕೊಂಡು ಕೂತಿದ್ದಾರೆ.